ಅರ್ಜಿಯ ಕೆಳಗೆ ಯಾರ ಸಹಿ

ವಿಶೇಷ ಅಗತ್ಯವಿರುವ ಮಗುವಿನ ಪಾಲಕರ ಪರವಾಗಿ ಶಾಲೆಗೋ ಕಚೇರಿಗೋ ಹೋಗುವವರಿಗೆ ಕಾನೂನು ಗೊತ್ತಿದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನೇನೋ ಸ್ಪಷ್ಟವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಶೇ 40 ಅಥವಾ ಅದಕ್ಕೂ ಹೆಚ್ಚು ವೈಕಲ್ಯವಿರುವ ಮಗುವಿಗೆ ಉಚಿತ ಶಿಕ್ಷಣವನ್ನು 18ರವರೆಗೆ ಕೊಡುತ್ತದೆ. ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದೇ ಎನ್ನುತ್ತದೆ. (ಮಾತು ಬಾರದ ಮಗುವಿನ ಆಯ್ಕೆಯನ್ನು ಕೇಳಿ ತಿಳಿಯುವುದು ಹೇಗೆ, ಅದು ಬೇರೆ ಪ್ರಶ್ನೆ.)

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಕೆಲಸಕ್ಕಾಗಿ ತಿರುಗಿದ ನನ್ನನ್ನು ಈಗ ಕಾಡುತ್ತಿರುವುದು ಸಿಂದಗಿ ಕಡೆಯ ಒಬ್ಬ ತಾಯಿಯ ಮಾತು. ಅವಳ ಮಗನ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಹುಡುಗ ಮನೆಯಲ್ಲಿದ್ದ. ಮೇಲಿನವರಿಗೆ ಅರ್ಜಿ ಕೊಡೋಣ ಎಂದೆ.

"ಬರೀರಿ ಸರ. ನೀವು ಬರದು ಸಂಜಿ ಬಸ್ಸಿಗೆ ಹೊಕ್ಕೀರಿ. ನಾಳೆ ಮುಂಜಾನೆ ಅದೇ ಮಾಸ್ತರ ಮುಂದ ನನ್ನ ಮಗ ಕುಂದರಬೇಕಲ್ರಿ?"

ಇನ್ನೊಬ್ಬರ ಮಗುವಿನ ಪರವಾಗಿ ಧೈರ್ಯ ತೋರಿಸುವ ಅಧಿಕಾರ ನನಗೆ ಎಲ್ಲಿಂದ ಬಂತು? ಹಕ್ಕಿನ ಮಾತು ನನ್ನದು; ಅದರಿಂದ ಹುಟ್ಟುವ ಸಿಟ್ಟನ್ನು ದಿನವೂ ಎದುರಿಸಬೇಕಾದವನು ಆ ಹುಡುಗ. ಮಾಸ್ತರರೂ ಕೆಟ್ಟವರಲ್ಲ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ನೋಡಿಕೊಳ್ಳುವವರು, ಮಗು ಬಟ್ಟೆ ಒದ್ದೆ ಮಾಡಿಕೊಂಡರೆ ಯಾರು ಬದಲಿಸಬೇಕು ಎಂದು ಕೇಳುತ್ತಾರೆ. ಪ್ರಶ್ನೆ ನಿಜವಾದದ್ದು. ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರು ಬೆರಳೆಣಿಕೆಯಷ್ಟು; ಇಡೀ ತಾಲ್ಲೂಕು ಅವರ ಪಾಲಿಗೆ.

ಹಾಗಾದರೆ ಒಳ್ಳೆಯ ಮಾತಿನಿಂದಲೇ ಕೇಳಿಕೊಳ್ಳಬೇಕೆ? ಬಸವಣ್ಣ ಹುಟ್ಟಿದ ಊರಿನ ಸುತ್ತ ದಯೆಯ ಮೇಲೆ ಭಾಷಣಗಳಿಗೆ ಬರವಿಲ್ಲ. ಆದರೆ ಒಬ್ಬ ಮಾಸ್ತರರ ದಯೆಯಿಂದ ಸಿಕ್ಕ ಜಾಗ ಅವರ ವರ್ಗಾವಣೆಯ ಆದೇಶದ ಜೊತೆಗೇ ಹೋಗಿಬಿಡುತ್ತದೆ. ಅದನ್ನೂ ನೋಡಿದ್ದೇನೆ. ಕಾಗದದಲ್ಲಿ ಇಲ್ಲದ್ದು ಮುಂದೆ ಬರುವವರಿಗೆ ಗೊತ್ತೇ ಇರುವುದಿಲ್ಲ.

ದಾರಿ ಹುಡುಕಿದವಳು ಆ ತಾಯಿಯೇ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಇರಬೇಕು ಎಂದು ನಾನು ಹೇಳಿದ್ದೆ, ಅಷ್ಟೇ. ಅವಳು ಅದನ್ನು ಹಿಡಿದುಕೊಂಡು ಎಸ್‌ಡಿಎಂಸಿ ಸಭೆಗೆ ಹೋದಳು. ದಿನಕ್ಕೆ ಎರಡು ತಾಸು ಮಗ ಶಾಲೆಯಲ್ಲಿರಲಿ, ನಡುವೆ ಒಮ್ಮೆ ತಾನೇ ಬಂದು ಹೊರಗೆ ಕರೆದೊಯ್ಯುತ್ತೇನೆ ಎಂದಳು. ಮಾಸ್ತರರು ಒಪ್ಪಿದರು. "ಬಾಯಿಲೆ ಬ್ಯಾಡ್ರಿ, ನಡಾವಳಿಯಾಗ ಬರಸ್ರಿ" ಎಂದಳು.

ಈ ಏರ್ಪಾಡು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಶಾಲೆ ಒದಗಿಸಬೇಕಾದ ನೆರವನ್ನು ಅವಳು ತನ್ನ ಕೂಲಿ ಬಿಟ್ಟು ಒದಗಿಸುತ್ತಿದ್ದಾಳೆ. ತೊಗರಿ ಕಳೆ ತೆಗೆಯುವ ದಿನಗಳಲ್ಲಿ ನಡುವೆ ಎದ್ದು ಬರುವವಳನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಇದನ್ನು ಅವಳಿಗೆ ಹೇಳಿದೆ. "ಗೊತ್ತೈತ್ರಿ" ಎಂದಳು. "ಮದಲ ಹುಡುಗ ಒಳಗ ಕುಂದರಲಿ. ಅವರಿಗೂ ಅವನ ರೂಢಿ ಆಗ್ಲಿ."

ಅರ್ಜಿಯನ್ನು ಬರೆದು ಅವಳಿಗೆ ಎರಡು ಸಲ ಓದಿ ಹೇಳಿದ್ದೇನೆ. ಒಂದು ಕಡೆ "ನನ್ನ ಮಗನಿಗೆ ಏನೂ ತಿಳಿಯುವುದಿಲ್ಲ" ಎಂದಿತ್ತು. ಅದನ್ನು ಹೊಡೆಸಿ ಹಾಕಿಸಿದಳು. ಈಗ ತಾರೀಖಿಲ್ಲದೆ ಅದು ಅವಳ ಟ್ರಂಕಿನಲ್ಲಿದೆ. ಯಾವಾಗ ಕೊಡಬೇಕೆಂದು ಅವಳು ಇನ್ನೂ ಹೇಳಿಲ್ಲ.