ಮನಸ್ಸಿನ ಸಾಕ್ಷ್ಯ

ಮೈಗೆ ಕಾಯಿಲೆಯಾದವನ ಮಾತನ್ನು ಲೋಕ ನಂಬುತ್ತದೆ. ಜ್ವರ ಬಂದವನು ತಲೆ ಸಿಡಿಯುತ್ತಿದೆ ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ಕಾಲು ಮುರಿದವನು ನೆರೆಯವನ ಮೇಲೆ ಸಿಟ್ಟಾದರೆ, ಸಿಟ್ಟಿಗೆ ಕಾರಣವೇನೆಂದು ವಿಚಾರಿಸುತ್ತಾರೆಯೇ ಹೊರತು ಮುರಿದ ಕಾಲನ್ನು ಯಾರೂ ದೂರುವುದಿಲ್ಲ. ಮನಸ್ಸಿಗೆ ಕಾಯಿಲೆಯಾದವನ ಪಾಡು ಬೇರೆ. ಅವನು ಸಿಟ್ಟಾದರೆ ಅದು ರೋಗ. ನಕ್ಕರೆ ಅದೂ ರೋಗ. ಸುಮ್ಮನೆ ಕುಳಿತರಂತೂ ಸಂಶಯವೇ ಬೇಡ.

ನಮ್ಮ ಮಂಗಳೂರು ಆಸ್ಪತ್ರೆಗಳ ಊರು. 1848ರಷ್ಟು ಹಳೆಯ ವೆನ್ಲಾಕ್ ಇಲ್ಲಿದೆ. 1880ರಲ್ಲಿ ಮುಲ್ಲರ್ ಪಾದ್ರಿಗಳು ಬಡವರಿಗಾಗಿ ಕಂಕನಾಡಿಯಲ್ಲಿ ತೊಡಗಿಸಿದ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ ಬೆಳೆದಿದೆ. ಇಲ್ಲಿಯವರು ಸಕ್ಕರೆ ಕಾಯಿಲೆಯ ಸುದ್ದಿಯನ್ನು ಮದುವೆಯ ಊಟದ ಪಂಕ್ತಿಯಲ್ಲಿಯೂ ಸಂಕೋಚವಿಲ್ಲದೆ ಆಡುತ್ತಾರೆ. ಮನಸ್ಸಿನ ಕಾಯಿಲೆಗೆ ಮಾತ್ರ ಗುರುತಿನವರಿಲ್ಲದ ಬೇರೆ ಊರಿನ ವೈದ್ಯರನ್ನು ಹುಡುಕಿಕೊಂಡು ಹೋಗುವವರುಂಟು.

ಇಂಥ ಊರಿನಲ್ಲಿ ಇಪ್ಪತ್ತು ವರ್ಷಗಳಿಂದ ನಾನು ಅಂಥ ಕಾಯಿಲೆಯೊಂದರ ಜೊತೆಗೆ ಬಾಳುತ್ತಿದ್ದೇನೆ. ವೈದ್ಯರು ಅದನ್ನು ಬೈಪೋಲಾರ್ ಎನ್ನುತ್ತಾರೆ. ಮನಸ್ಸು ಕೆಲವು ಕಾಲ ಉನ್ಮಾದಕ್ಕೇರುತ್ತದೆ, ಕೆಲವು ಕಾಲ ವಿಷಾದಕ್ಕಿಳಿಯುತ್ತದೆ. ನಡುವೆ ಬಹುಕಾಲ ಎಲ್ಲರ ಮನಸ್ಸಿನಂತೆಯೇ ಇರುತ್ತದೆ. ಈ ನಡುವಿನ ಕಾಲವೇ ನನ್ನ ಆಯುಷ್ಯದ ಹೆಚ್ಚಿನ ಪಾಲು. ಅಂಥ ಕಾಲದಲ್ಲೊಮ್ಮೆ ಮನೆಯ ಜಾಗದ ಪಾಲಿನ ಮಾತು ಬಂದಾಗ, ಲೆಕ್ಕ ಸರಿಯಾಗಿಲ್ಲವೆಂದು ನಾನು ಹೇಳಿದೆ. ಬಂಧುಗಳೊಬ್ಬರು ಲೆಕ್ಕದ ಹಾಳೆಯನ್ನು ನೋಡಲಿಲ್ಲ. ಅಕ್ಕನ ಕಡೆಗೆ ತಿರುಗಿ, "ಇವನು ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾನಷ್ಟೆ?" ಎಂದು ಮೆಲ್ಲನೆ ಕೇಳಿದರು. ಲೆಕ್ಕ ತಪ್ಪಾಗಿಯೇ ಇತ್ತು. ಆದರೆ ಆ ಪ್ರಶ್ನೆ ಬಂದ ಮೇಲೆ ಲೆಕ್ಕಕ್ಕೆ ಬೆಲೆಯೆಲ್ಲಿ?

ಈ ಅನ್ಯಾಯವನ್ನು ಕನ್ನಡದಲ್ಲಿ ಚೆನ್ನಾಗಿ ಕಂಡವರು ತ್ರಿವೇಣಿ. ಮನಶ್ಶಾಸ್ತ್ರವನ್ನು ಓದಿದ್ದ ಅವರು 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಚಿತ್ರವಾಗಿಸಿದ ಅವರ 'ಶರಪಂಜರ'ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಗುಣವಾಗದೆ ಉಳಿದುದು ಮನೆಯವರ ಮತ್ತು ನೆರೆಯವರ ನೋಟ. ಅವಳನ್ನು ಎರಡನೆಯ ಸಲ ಕೆಡಿಸಿದುದು ಆ ನೋಟವೇ.

ಹಾಗಾದರೆ ರೋಗಿಯ ಮಾತನ್ನು ಯಾವಾಗಲೂ ನಂಬಬೇಕೆ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಎಷ್ಟೋ ಸಲ ನನ್ನ ಮನಸ್ಸಿನ ಮಾತನ್ನು ನಾನೇ ನಂಬುವಂತಿಲ್ಲ. ವಿಷಾದದ ದಿನಗಳಲ್ಲಿ ಅದು ಅಳುತ್ತ ಮಾತಾಡುವುದಿಲ್ಲ. ಗುಮಾಸ್ತನಂತೆ ತಣ್ಣಗೆ ಲೆಕ್ಕ ಒಪ್ಪಿಸುತ್ತದೆ: ನಿನ್ನಿಂದ ಯಾರಿಗೂ ಪ್ರಯೋಜನವಿಲ್ಲ, ಇನ್ನು ಮುಂದೆ ಇರುವುದೂ ಇಷ್ಟೆ. ಉನ್ಮಾದದಲ್ಲಿ ಅದೇ ಮನಸ್ಸು, ನಿನಗೆ ನಿದ್ದೆಯೇ ಬೇಕಿಲ್ಲ ಎನ್ನುತ್ತದೆ. ಎರಡೂ ಸುಳ್ಳು, ಎರಡೂ ಆ ಹೊತ್ತಿಗೆ ಹಗಲಿನಷ್ಟು ನಿಜ. ತಕ್ಕಡಿಯೇ ಕೆಟ್ಟಿದ್ದರೆ ಅದರ ದೋಷವನ್ನು ಅದೇ ತಕ್ಕಡಿಯಲ್ಲಿ ತೂಗಿ ನೋಡುವುದು ಹೇಗೆ? ನಾನು ಲೋಕದಿಂದ ಬೇಡುವ ನಂಬಿಕೆಯನ್ನು ನನಗೆ ನಾನೇ ಕೊಡಲಾರದ ಕಾಲವುಂಟು ಎಂಬುದೇ ಈ ಪ್ರಶ್ನೆಯ ತೊಡಕು.

ತುಳುನಾಡಿನವರಿಗೆ ಇಂಥ ತೊಡಕು ಹೊಸದೇನೂ ಅಲ್ಲ. ಕೋಲದ ರಾತ್ರಿ ದೈವದ ಆವೇಶವಾದವರ ಬಾಯಿಂದ ಬರುವುದು ಅವರ ಸ್ವಂತ ಮಾತಲ್ಲವೆಂದು ನಾವು ಬಲ್ಲೆವು. ಆ ನುಡಿಗೆ ಊರ ಹಿರಿಯರೂ ಕೈಮುಗಿಯುತ್ತಾರೆ. ಬೆಳಗಾದ ಮೇಲೆ ಅವರು ತಮ್ಮ ಹೆಸರಿಗೆ, ತಮ್ಮ ಕೆಲಸಕ್ಕೆ ಮರಳುತ್ತಾರೆ; ರಾತ್ರಿ ತಾವಾಗಿರಲಿಲ್ಲವೆಂದು ಯಾರೂ ಅವರನ್ನು ಹಗಲು ಸಂಶಯಿಸುವುದಿಲ್ಲ. ರೋಗವೂ ದೈವವೂ ಒಂದೆಂದು ನಾನು ಹೇಳುತ್ತಿಲ್ಲ. ಕಾಯಿಲೆಗೆ ಬೇಕಾದುದು ಮದ್ದು. ಮನುಷ್ಯನು ಒಂದು ಹೊತ್ತು ತಾನಲ್ಲದೆ ಇದ್ದು, ಮತ್ತೊಂದು ಹೊತ್ತು ಪೂರ್ತಿಯಾಗಿ ತಾನಾಗಿರಬಲ್ಲನೆಂಬುದನ್ನು ನಮ್ಮವರು ಅರಿತಿದ್ದಾರೆ ಎಂದಷ್ಟೇ ನನ್ನ ಮಾತು. ಆ ಬೆಳಗನ್ನು ನಮಗೆ ಮಾತ್ರ ಏಕೆ ಕೊಡುವುದಿಲ್ಲ?

ಕಾನೂನು ಈಗ ಕೊಟ್ಟಿದೆ. 1912ರ ಕಾಯಿದೆ ನಮ್ಮನ್ನು ಹುಚ್ಚರೆಂದೇ ಕರೆದಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆ ಬೇರೆ ರೀತಿಯಲ್ಲಿ ಮಾತಾಡುತ್ತದೆ. ಚಿಕಿತ್ಸೆಯ ವಿಷಯದಲ್ಲಿ ರೋಗಿಯ ತೀರ್ಮಾನ ಇತರರ ಕಣ್ಣಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವನಿಗೆ ತೀರ್ಮಾನಿಸುವ ಶಕ್ತಿಯಿಲ್ಲವೆನ್ನಲಾಗದು ಎನ್ನುತ್ತದೆ ಅದು. ಅಷ್ಟೇ ಅಲ್ಲ, ಮುಂದೊಮ್ಮೆ ಬುದ್ಧಿ ಹಿಡಿತಕ್ಕೆ ಸಿಗದ ಕಾಲ ಬಂದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಮಾತಾಡತಕ್ಕವರು ಯಾರು ಎಂಬುದನ್ನು ಪ್ರಾಪ್ತವಯಸ್ಕನಾದವನು ಮೊದಲೇ ಬರೆದಿಡಬಹುದು. ಗುಣವಾಗಿರುವ ನಾನು ರೋಗದಲ್ಲಿರುವ ನನ್ನ ಪರವಾಗಿ ಮಾತಾಡಬಹುದೆಂದಾಯಿತು. ತಕ್ಕಡಿ ನೆಟ್ಟಗಿರುವಾಗಲೇ ತೂಗಿ, ತೂಕವನ್ನು ಬರೆದಿಡುವ ಕ್ರಮವಿದು.

ತೂಕ ನೋಡುವ ಅಭ್ಯಾಸವೂ ನಮಗೆ ಕಡಿಮೆಯೇನಲ್ಲ. ನಾನು ಸೇವಿಸುವ ಲಿಥಿಯಂ ಒಂದು ಬಗೆಯ ಲವಣ. ಉನ್ಮಾದಕ್ಕೆ ಅದು ಮದ್ದಾಗಬಲ್ಲುದೆಂದು ಆಸ್ಟ್ರೇಲಿಯದ ಜಾನ್ ಕೇಡ್ ಎಂಬ ವೈದ್ಯರು 1949ರಲ್ಲಿ ತೋರಿಸಿಕೊಟ್ಟರು. ರಕ್ತದಲ್ಲಿ ಅದು ಕಡಿಮೆಯಾದರೆ ಕೆಲಸ ಮಾಡದು, ಹೆಚ್ಚಾದರೆ ವಿಷ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆವರು ಹರಿದು ಮೈಯ ನೀರು ಆರಿದರೆ ಅದರ ಪ್ರಮಾಣ ಏರುತ್ತದೆ. ಆದುದರಿಂದ ಕುಡಿದ ನೀರು, ಮಲಗಿದ ಗಂಟೆಗಳು, ಚಹದ ಲೋಟ ಹಿಡಿದಾಗಿನ ಕೈನಡುಕ, ಇವೆಲ್ಲ ನನಗೆ ದಿನದ ಲೆಕ್ಕ. ಮೂರು ರಾತ್ರಿ ನಿದ್ದೆ ಕಡಿಮೆಯಾಗಿ ಮನಸ್ಸು ಉಲ್ಲಾಸದಿಂದಿದ್ದರೆ ನಾನು ಆ ಉಲ್ಲಾಸವನ್ನೇ ಪ್ರಶ್ನಿಸುತ್ತೇನೆ. ತನ್ನ ಮನಸ್ಸನ್ನು ಹೀಗೆ ದಿನವೂ ವಿಚಾರಣೆಗೆ ನಿಲ್ಲಿಸುವ ಆರೋಗ್ಯವಂತರು ಎಷ್ಟು ಮಂದಿ? ತನ್ನ ಬುದ್ಧಿ ಎಂದೂ ತಪ್ಪದೆಂದು ನಂಬಿ ಬೀದಿಜಗಳಕ್ಕಿಳಿಯುವವನಿಗಿಂತ, ತಪ್ಪಬಹುದೆಂದು ತಿಳಿದು ಪರೀಕ್ಷಿಸಿಕೊಳ್ಳುವವನು ಕೀಳಾದ ಸಾಕ್ಷಿಯಲ್ಲ. ನಂಬಿಕೆಗೆ ಆಧಾರ ರೋಗವಿಲ್ಲದಿರುವುದಲ್ಲ. ತನ್ನನ್ನು ತಾನು ಒರೆಗೆ ಹಚ್ಚುವ ಅಭ್ಯಾಸ.

ನಾನೂ ಒಂದು ಹಾಳೆ ಬರೆದಿಟ್ಟಿದ್ದೇನೆ. ಉನ್ಮಾದದಲ್ಲಿ ನಾನು ಎಷ್ಟು ಜಗಳಾಡಿದರೂ ಬ್ಯಾಂಕಿನ ಪುಸ್ತಕವನ್ನು ಕೈಗೆ ಕೊಡಬಾರದು, ಬೇಗ ವೈದ್ಯರ ಬಳಿ ಕರೆದೊಯ್ಯಬೇಕು. ವಿಷಾದದಲ್ಲಿ ನನ್ನೊಡನೆ ವಾದಿಸಬಾರದು, ಒಬ್ಬನನ್ನೇ ಬಿಡಲೂಬಾರದು ಎಂದು ಅದರಲ್ಲಿದೆ. ನನ್ನ ಪರವಾಗಿ ಮಾತಾಡತಕ್ಕವಳು ಅಕ್ಕ. ಹಾಳೆಯನ್ನು ಓದಿದ ಅವಳು, "ಸರಿಯಿರುವಾಗ ಏನು ಮಾಡಬೇಕೆಂದು ಬರೆದೇ ಇಲ್ಲವಲ್ಲ ಮಾರಾಯ" ಎಂದಳು. ನಿಜ. ಕಾನೂನಿಗೆ ಅದು ಬೇಕಿಲ್ಲ. ಆದರೂ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಸರಿಯಿರುವಾಗ ನನ್ನೊಡನೆ ಎಲ್ಲರೊಡನೆ ವಾದಿಸುವಂತೆಯೇ ವಾದಿಸಬೇಕು. ನಾನು ಗೆದ್ದರೆ ಸೋಲೊಪ್ಪಿಕೊಳ್ಳಬೇಕು.