ಒಂದು ಗಂಟೆಯ ಅತಿಥಿ

ಡೊಂಬಿವಲಿಯಲ್ಲಿ ನಮ್ಮ ಜತೆಗಿರುವ ಮೊಮ್ಮಗ ಡಿಸೆಂಬರ್ ರಜೆಯಲ್ಲಿ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಸ್ನಾರ್ಕೆಲಿಂಗ್ ಮಾಡಿ ಹವಳ, ಮೀನು ಎಲ್ಲ ನೋಡಿ ಬಂದ. "ಏನನ್ನೂ ಮುಟ್ಟಬಾರದು ಅಂತ ಹೇಳಿದ್ರು ಅಜ್ಜಾ" ಎಂದ. ನಮ್ಮ ಥಾಣೆ ಖಾಡಿಯ ಕೆಸರು ನೀರಿನಲ್ಲಿ ಮುಳುಗಿ ನೋಡುವಂಥದ್ದೇನಿಲ್ಲ; ದೋಣಿಯಲ್ಲಿ ಕೂತು ಫ್ಲೆಮಿಂಗೊ ನೋಡಬಹುದು. ಫೆಬ್ರವರಿಯ ಒಂದು ಭಾನುವಾರ ಅವನನ್ನು ಐರೋಲಿಗೆ ಕರಕೊಂಡು ಹೋದೆ.

ಖಾಡಿಯ ಸುಮಾರು 17 ಚದರ ಕಿಲೋಮೀಟರ್ ಜಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು; 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿ ಹೊರಡುವುದು ನಮ್ಮ ಗಡಿಯಾರ ನೋಡಿಯಲ್ಲ, ಸಮುದ್ರದ ಉಬ್ಬರ-ಇಳಿತ ನೋಡಿ. ದಡದುದ್ದಕ್ಕೂ ಕಾಂಡ್ಲ ಕಾಡು. ಕೆಸರಿನಲ್ಲಿ ಗುಲಾಬಿ ಹಕ್ಕಿಗಳು ತಲೆ ಬಗ್ಗಿಸಿ ಪಾಚಿ ಸೋಸಿ ತಿನ್ನುತ್ತಿದ್ದವು. ಸದ್ದು ಮಾಡದೆ ದೂರದಿಂದಲೇ ನೋಡಿದೆವು. ಬಿಸ್ಕತ್ತಿನ ಕಾಗದವನ್ನೂ ಯಾರೂ ನೀರಿಗೆ ಹಾಕಲಿಲ್ಲ. ಎಷ್ಟು ಸಭ್ಯರಪ್ಪಾ ನಾವು ಅಂತ ನನಗೇ ಹೆಮ್ಮೆಯಾಯ್ತು.

ಆಗ ಮೊಮ್ಮಗ ಕಾಂಡ್ಲದಾಚೆಯ ಕಟ್ಟಡಗಳನ್ನು ತೋರಿಸಿ, "ಅಲ್ಲಿ ಮೊದಲು ಏನಿತ್ತು ಅಜ್ಜಾ?" ಅಂತ ಕೇಳಿದ.

ಥಟ್ಟನೆ ಉತ್ತರ ಬರಲಿಲ್ಲ. ನವಿಮುಂಬಯಿ ಕಟ್ಟಲೆಂದು ಸಿಡ್ಕೊ ಹುಟ್ಟಿದ್ದು 1970ರಲ್ಲಿ. ಊರು ಬಿಟ್ಟು ಬಂದ ನನ್ನಂಥವರಿಗೆ ಸೂರು ಎದ್ದದ್ದು ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನಗದ್ದೆ, ಜೌಗು ನೆಲದ ಮೇಲೆ. ಅಲ್ಲಿನ ಎಷ್ಟೋ ಮನೆಸಾಲದ ಕಡತಗಳಿಗೆ ನಾನೇ ಸಹಿ ಹಾಕಿದ್ದೇನೆ. ಹಕ್ಕುಪತ್ರ ನೋಡಿದೆ, ಸಂಬಳದ ಚೀಟಿ ನೋಡಿದೆ. ಮಣ್ಣು ತುಂಬಿಸುವ ಮೊದಲು ಅಲ್ಲಿ ಏನಿತ್ತು ಅಂತ ಒಮ್ಮೆಯೂ ಕೇಳಲಿಲ್ಲ. ಕಾನೂನಿನಂತೆ ತಪ್ಪಿರಲಿಲ್ಲ. ಹಾಗಂತ ಲೆಕ್ಕ ಚುಕ್ತಾ ಆಯ್ತೇ?

ಸಾಲ ಕೊಡಬಾರದಿತ್ತು ಅಂತಲ್ಲ. ಹೊಟ್ಟೆಪಾಡಿಗೆ ಬಂದವನಿಗೂ ಮನೆ ಬೇಕು. ಆದರೆ ಟಿಕೇಟು ತಗೊಂಡ ಒಂದು ಗಂಟೆ ಮಾತ್ರ 'ಮುಟ್ಟಬಾರದು' ಎಂಬ ನಿಯಮ ಪಾಲಿಸಿ, ಉಳಿದ ಇಪ್ಪತ್ತಮೂರು ಗಂಟೆ ನಮ್ಮ ಮನೆಯ ಮೋರಿ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ವಿಚಾರಿಸದಿದ್ದರೆ ಆ ಸಭ್ಯತೆ ಬರೀ ತೋರಿಕೆ. ನಲವತ್ತು ವರ್ಷ ಇಲ್ಲಿದ್ದೂ ನಾನು ವಿಚಾರಿಸಿರಲಿಲ್ಲ. 'ಇದು ನಮ್ಮೂರಲ್ಲವಲ್ಲ' ಎಂಬ ನೆಪ ಕೈಗೆ ಸಿಕ್ಕಿತ್ತು. ಪರವೂರಿನಲ್ಲಿ ಬದುಕುವವನಿಗೆ ಇದಕ್ಕಿಂತ ಸಲೀಸಾದ ನೆಪ ಬೇರಿಲ್ಲ.

"ಕೆಸರು, ನೀರು, ಗದ್ದೆ ಇತ್ತು ಮಗಾ. ನಾನು ಕೇಳಬೇಕಿತ್ತು, ಕೇಳಲಿಲ್ಲ" ಎಂದೆ.

ಆಮೇಲಿನ ಸೊಸೈಟಿ ಮೀಟಿಂಗಿನಲ್ಲಿ ನಮ್ಮ ಕಟ್ಟಡದ ಮೋರಿ ನೀರು ಕೊನೆಗೆ ಎಲ್ಲಿ ಸೇರುತ್ತದೆ ಅಂತ ಕೇಳಿದೆ. ಸೆಕ್ರೆಟರಿಯವರಿಗೂ ಗೊತ್ತಿರಲಿಲ್ಲ.