ಅರಿತೂ ಅರಿಯೆನೆಂದವನು

ದುಷ್ಯಂತನ ಕಥೆಯೆಂದೊಡನೆ ದುರ್ವಾಸರ ಶಾಪವೂ ಮೀನಿನ ಹೊಟ್ಟೆಯಲ್ಲಿ ದೊರೆತ ಉಂಗುರವೂ ವಾಚಕರ ನೆನಪಿಗೆ ಬರುತ್ತವೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲ ನಾಟಕವೂ ಈ ರೂಪವನ್ನೇ ಕನ್ನಡಿಗರಲ್ಲಿ ನೆಲೆಗೊಳಿಸಿತು. ಆದರೆ ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿರುವುದು ಒಂದು ಸುಳ್ಳು. ಅದೂ ಅರಿತು ಆಡಿದ ಸುಳ್ಳು.

ಕಣ್ವರು ಹಣ್ಣು ತರಲು ಹೋಗಿದ್ದ ವೇಳೆಯಲ್ಲಿ ಆಶ್ರಮಕ್ಕೆ ಬಂದ ಅರಸನು ಗಾಂಧರ್ವವಿಧಿಯಿಂದ ಶಕುಂತಲೆಯ ಕೈಹಿಡಿದನು. ಅದಕ್ಕೆ ಮುನ್ನ ಅವಳು, ತನ್ನಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕೆಂದು ಮಾತು ತೆಗೆದುಕೊಂಡಿದ್ದಳು. ಅರಸನು ಹಿಂದುಮುಂದು ನೋಡದೆ ಒಪ್ಪಿದನು. ಚತುರಂಗ ಸೇನೆಯನ್ನು ಕಳುಹಿಸಿ ಕರೆಸಿಕೊಳ್ಳುವೆನೆಂದು ಹೇಳಿ ಹೊರಟುಹೋದನು. ಸೇನೆ ಬರಲಿಲ್ಲ. ಮಗನು ಆರು ವರ್ಷದವನಾಗಿ, ಸಿಂಹ ಹುಲಿಗಳನ್ನು ಮರಕ್ಕೆ ಕಟ್ಟಿ ಆಡುವಷ್ಟು ಬಲಿತ ಮೇಲೆ, ಕಣ್ವರ ಮಾತಿನಂತೆ ತಾಯಿಯೇ ಅವನೊಡನೆ ರಾಜಸಭೆಗೆ ಬಂದಳು. ಎಲ್ಲವೂ ನೆನಪಿದ್ದೂ ದುಷ್ಯಂತನು ತನಗೇನೂ ನೆನಪಿಲ್ಲವೆಂದನು. ಅಷ್ಟಕ್ಕೇ ನಿಲ್ಲದೆ ಅವಳ ಹುಟ್ಟನ್ನೂ ನಡತೆಯನ್ನೂ ಹೀಯಾಳಿಸಿದನು. ಶಕುಂತಲೆ ಸತ್ಯದ ಮಹಿಮೆಯನ್ನು ಸಭೆಯೆಲ್ಲ ಕೇಳುವಂತೆ ಅವನಿಗೆ ಹೇಳಿದಳು. ಇಂಥವನ ಸಂಗವೇ ಬೇಡ, ಇವನ ಹಂಗಿಲ್ಲದೆಯೂ ತನ್ನ ಮಗನು ಭೂಮಿಯನ್ನಾಳುವನೆಂದು ನುಡಿದು ಹೊರಟಳು. ಆಗ ಅಶರೀರವಾಣಿಯಾಯಿತು.

ಅರಸನ ಸಮರ್ಥನೆ ಆಮೇಲೆ ಬರುತ್ತದೆ. ತನಗೂ ಎಲ್ಲ ತಿಳಿದಿತ್ತು; ಆದರೆ ಬರಿಯ ಅವಳ ಮಾತಿನಿಂದ ಮಗನನ್ನು ಒಪ್ಪಿಕೊಂಡಿದ್ದರೆ ಜನರು ಸಂಶಯಪಡುತ್ತಿದ್ದರು ಎನ್ನುತ್ತಾನೆ. ಈ ಮಾತು ಪೂರ್ತಿ ಪೊಳ್ಳಲ್ಲ. ವಿವಾಹಕ್ಕೆ ಸಾಕ್ಷಿಯಿರಲಿಲ್ಲ, ವಿಷಯವಾದರೋ ಸಿಂಹಾಸನದ್ದು. ಆದರೆ ಆ ಸಂಶಯವನ್ನು ಹೊರಬೇಕಾದವರಾರು? ಕಣ್ವರು ಬರುವವರೆಗೆ ಕಾಯದೆ ಸಾಕ್ಷಿಯಿಲ್ಲದಂತೆ ಮಾಡಿಕೊಂಡವನು ಅವನು. ಭಾರವನ್ನು ಹೊತ್ತವಳು ಅವಳು. ಅಶರೀರವಾಣಿ ಆಗುವುದೆಂದು ಅವನಿಗೆ ಮೊದಲೇ ತಿಳಿದಿತ್ತೆಂದು ವ್ಯಾಸರು ಹೇಳುವುದಿಲ್ಲ. ಆಗದಿದ್ದರೆ ಅವಳು ಕಾಡಿನ ದಾರಿ ಹಿಡಿಯುತ್ತಿದ್ದಳು, ಅವನು ಸುಮ್ಮನೆ ಕುಳಿತಿರುತ್ತಿದ್ದನು ಎಂದೇ ಎಣಿಸಬೇಕಾಗುತ್ತದೆ.

ಕಾಳಿದಾಸನು ಈ ಕಳಂಕವನ್ನು ಶಾಪದಿಂದ ತೊಳೆದನು. ಆದರೂ ಒಂದು ಚಿಕ್ಕ ಸುಳ್ಳನ್ನು ಉಳಿಸಿದ್ದಾನೆ. ಎರಡನೆಯ ಅಂಕದ ಕೊನೆಯಲ್ಲಿ ವಿದೂಷಕನನ್ನು ರಾಜಧಾನಿಗೆ ಕಳುಹಿಸುವಾಗ, ಅವನು ಅಂತಃಪುರದಲ್ಲಿ ಬಾಯಿಬಿಟ್ಟಾನೆಂಬ ಅಂಜಿಕೆಯಿಂದ, ಆಶ್ರಮಕನ್ಯೆಯ ವಿಷಯವೆಲ್ಲ ಪರಿಹಾಸವೆಂದು ಅರಸನು ಹೇಳುತ್ತಾನೆ. ಆರನೆಯ ಅಂಕದಲ್ಲಿ ನೆನಪು ಮರಳಿದಾಗ, ಏಕೆ ಜ್ಞಾಪಿಸಲಿಲ್ಲವೆಂದು ಅದೇ ಗೆಳೆಯನನ್ನು ಕೇಳುತ್ತಾನೆ. ಪರಿಹಾಸವೆಂದವನು ನೀನೇ ಅಲ್ಲವೆ ಎಂಬುದು ಉತ್ತರ. ಶಾಪ ತಟ್ಟುವ ಮೊದಲೇ, ಅರಮನೆಯಲ್ಲಿ ತನಗಿದ್ದ ಸಾಕ್ಷಿಯನ್ನು ಅವನೇ ಕೆಡಿಸಿಕೊಂಡಿದ್ದನು.

ಈ ದುಷ್ಯಂತನು ಏಳನೆಯ ಅಂಕದಲ್ಲಿ ಮಡದಿಯ ಕಾಲಿಗೆ ಬೀಳುತ್ತಾನೆ. ಶಾಪದ ದೆಸೆಯಿಂದ ನಿರಪರಾಧಿಯಾದವನು ಬಾಗುತ್ತಾನೆ. ವ್ಯಾಸರ ದುಷ್ಯಂತನೋ, ಸಿಟ್ಟಿನಲ್ಲಿ ಅವಳಾಡಿದ ಕಟುನುಡಿಗಳನ್ನು ತಾನು ಕ್ಷಮಿಸಿದ್ದೇನೆಂದು ಶಕುಂತಲೆಗೇ ಹೇಳುತ್ತಾನೆ! ಅನಂತರ ವಸ್ತ್ರಗಳಿಂದಲೂ ಅನ್ನಪಾನಗಳಿಂದಲೂ ಅವಳನ್ನು ಸತ್ಕರಿಸುತ್ತಾನೆ. ಪುಣೆಯ ಭಂಡಾರಕರ್ ಸಂಸ್ಥೆಯವರು 1933ರಲ್ಲಿ ಪೂರ್ತಿಗೊಳಿಸಿದ ಆದಿಪರ್ವದ ಪರಿಷ್ಕೃತ ಪಾಠದಲ್ಲಿ ಇದಕ್ಕೆ ಶಕುಂತಲೆಯ ಉತ್ತರವಿಲ್ಲ. ತುಂಬಿದ ಸಭೆಯಲ್ಲಿ ಅಷ್ಟು ಮಾತಾಡಿದವಳು ಪಟ್ಟದ ರಾಣಿಯಾದ ಮೇಲೆ ಒಂದು ಮಾತನ್ನೂ ಆಡುವುದಿಲ್ಲ.